ಕೂಲರ್ ಪಂಪಿನ ಹೊಳೆ

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಂದು ಹೊಳೆ ಇತ್ತು. ಕಿಟಕಿಯ ಕೆಳಗೆ, ಹಳೆಯ ಉತ್ತರಪತ್ರಿಕೆಗಳ ಕಟ್ಟು ಇಡುವ ಬೆಂಚಿನ ಮೇಲೆ ಉದ್ದನೆಯ ಒಂದು ಗಾಜಿನ ತೊಟ್ಟಿ. ಅದರ ಒಂದು ತುದಿಯಲ್ಲಿ, ಮನೆಯ ಕೂಲರಿನಲ್ಲಿ ನೀರೆತ್ತಲು ಇರುತ್ತದಲ್ಲ, ಆ ಪುಟ್ಟ ಪಂಪು. ಪಂಪು ಉಗುಳಿದ ನೀರು ಕುರುಗೋಡಿನ ಗುಡ್ಡದಿಂದ ಆರಿಸಿ ತಂದ ಕಲ್ಲುಗಳ ಮೇಲೆ ಬಿರುಸಾಗಿ ಓಡಿ, ಇನ್ನೊಂದು ತುದಿಗೆ ಬಡಿದು, ತಳದ ಪೈಪಿನಲ್ಲಿ ಮತ್ತೆ ಪಂಪಿಗೆ ಬರುತ್ತಿತ್ತು. ಆ ಓಟದ ನಡುವೆ ಒಂದು ಕಲ್ಲಿಗೆ ಬಾಯಿ ಒತ್ತಿ ಹಿಡಿದುಕೊಂಡು ಒಂದು ಮೀನು. ಬೆರಳುದ್ದ, ಕಲ್ಲಿನದೇ ಬಣ್ಣ. ಹೊಸದಾಗಿ ಬಂದ ಲೆಕ್ಚರರುಗಳಿಗೆ ಮೀನು ಕಾಣುತ್ತಲೇ ಇರಲಿಲ್ಲ. "ಬರೇ ನೀರು ಯಾಕ್ರಿ ಹಿಂಗ ಓಡಸ್ತೀರಿ?" ಎಂದು ಕೇಳುತ್ತಿದ್ದರು.

ಆ ಹೊಳೆಯ ಒಡತಿ ನಮ್ಮ ಜೀವಶಾಸ್ತ್ರದ ಮೇಡಂ. ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ನೋಟಿಸ್ ಬೋರ್ಡಿನಲ್ಲಿ ತಮ್ಮ ಹೆಸರು ಕಂಡರೂ ಮುಖ ಗಂಟಿಕ್ಕಿಕೊಳ್ಳುತ್ತಿದ್ದವರು ಅವರು. ಹುಡುಗರು ಇಟ್ಟ ಹೆಸರು ಮೀನು ಮೇಡಂ. ನಾನು ಕನ್ನಡ ಹೇಳುವವಳು, ಅವರಿಗಿಂತ ಬಹಳ ಚಿಕ್ಕವಳು; ಅಕ್ಕಾರ ಎನ್ನುತ್ತಿದ್ದೆ. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು.

ಅವರು ಹೋದಾಗ ನನಗೆ ಅಳು ಬರಲಿಲ್ಲ. ಒಂದೇ ಕಡೆ ಬಹಳ ಹೊತ್ತು ಕೂತರೆ ಕಾಲಿಗೆ ಜೋಮು ಹಿಡಿದು ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಾಗಿತ್ತು. ಹೋದವರ ಬಗ್ಗೆ ಬರೆಯುವಾಗ ಗಂಟಲು ಕಟ್ಟಬೇಕಂತೆ. ನನಗೆ ಅದು ಬರುವುದಿಲ್ಲ. ನೆನಪಾದದ್ದನ್ನು ನೆನಪಾದ ಹಾಗೆ ಹೇಳುತ್ತೇನೆ.

ನಾವಿಬ್ಬರೂ ಬಳ್ಳಾರಿಯಲ್ಲಿದ್ದವರು. ಬೆಳಗಿನ ಕುರುಗೋಡು ಬಸ್ಸಿನಲ್ಲಿ ಅವರು ಕಿಟಕಿಯ ಸೀಟು, ನಾನು ಪಕ್ಕ. ಯುಗಾದಿ ಕಳೆಯಿತೆಂದರೆ ಅವರ ಬ್ಯಾಗಿನಲ್ಲಿ ಪುಸ್ತಕ ಇರುತ್ತಿರಲಿಲ್ಲ. ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿದ ನೀರಿನ ಬಾಟಲಿಗಳು, ಹಳೆಯ ಟವೆಲಿನಲ್ಲಿ ಸುತ್ತಿ ಇಟ್ಟಿರುತ್ತಿದ್ದರು. ತೊಟ್ಟಿಯ ನೀರು ಕಾಯಬಾರದೆಂದು ಅವನ್ನು ಒಂದಾದ ಮೇಲೊಂದು ಅದರಲ್ಲಿ ತೇಲಿಬಿಡುವುದು ಅವರ ಬೇಸಿಗೆಯ ಕೆಲಸ. ಅದರ ತಣ್ಣನೆಯ ಬೆವರು ಬ್ಯಾಗಿನಿಂದ ಇಳಿದು ನನ್ನ ಸೀರೆಯನ್ನು ನೆನೆಸುತ್ತಿತ್ತು. ಬೇಸಿಗೆಯಲ್ಲಿ ಅದೇನೂ ಬೇಡವೆನಿಸುತ್ತಿರಲಿಲ್ಲ ಅನ್ನಿ.

"ಏನ್ರಿ ಮೇಡಂ, ದಿನಾ ಐಸ್ ಮಾರಾಕ ಹೊಂಟೀರೇನು?" ಎಂದು ಕಂಡಕ್ಟರ್ ಒಮ್ಮೆ ಕೇಳಿದ.

"ಹೂನಪ್ಪಾ. ಕುರುಗೋಡಾಗ ಒಬ್ಬ ಗಿರಾಕಿ ಅದಾನ. ಬಾಳ ಬಿರುಸಿನ ಮನಷ್ಯಾ, ತಡಾ ಆದ್ರ ತಡಕಣಂಗಿಲ್ಲ."

ಇಂಥದನ್ನೆಲ್ಲ ನಗದೆ ಹೇಳುತ್ತಿದ್ದರು. ಉದ್ದನೆಯ, ತೆಳ್ಳನೆಯ ಹೆಂಗಸು. ಕೈಮಗ್ಗದ ಸೀರೆ, ಮೊಣಕೈ ತನಕ ಬರುವ ಕುಪ್ಪಸ, ಕೊರಳಲ್ಲಿ ಲಿಂಗ. ಕಣ್ಣಿಗೆ ದಪ್ಪ ಕನ್ನಡಕ. ಯಾರ ಮಾತಾದರೂ ಒಪ್ಪಿಗೆಯಾಗದಿದ್ದರೆ ಆ ಕನ್ನಡಕ ಮೆಲ್ಲಗೆ ಹಣೆಯ ಮೇಲೇರಿ ತಲೆಯ ಮೇಲೆ ಕೂರುತ್ತಿತ್ತು. ಕನ್ನಡಕ ಏರಿತೆಂದರೆ ಪ್ರಿನ್ಸಿಪಾಲರೂ ಮಾತು ತಿರುಗಿಸುತ್ತಿದ್ದರು.

ಮೀನು ಬಂದದ್ದು ಕೌಲ್ ಬಜಾರಿನ ಒಂದು ಸಣ್ಣ ಅಕ್ವೇರಿಯಂ ಅಂಗಡಿಯಿಂದ. ಆ ದಿನ ನಾನೂ ಜೊತೆಗಿದ್ದೆ. ಬಣ್ಣದ ಮೀನುಗಳ ಕೆಳಗೆ, ಮೂಲೆಯಲ್ಲಿ, ಒಂದು ಉಪ್ಪಿನಕಾಯಿ ಬಾಟಲಿ. ಅದರ ಗೋಡೆಗೆ ಬಾಯಿ ಅಂಟಿಸಿಕೊಂಡು ಅದು ನಿಂತಿತ್ತು. ಹೊಟ್ಟೆ ಒಳಗೆ ಹೋಗಿತ್ತು.

"ಕ್ಲೀನರ್ ಮೇಡಂ ಅದು," ಅಂದ ಅಂಗಡಿಯವ. "ಗಾಜಿಂದು ಪಾಚಿ ತಿಂತೈತಿ. ದೊಡ್ಡ ಕ್ಲೀನರ್ ಮಾಲಿನ ಜೊತೀ ತಪ್ಪಿ ಬಂದುಬಿಟ್ಟೈತಿ ಇದು. ಜ್ಯಾದಾ ದಿನ ಬಾಳಂಗಿಲ್ಲ. ಬೇಕಂದ್ರ ಹಂಗ ಒಯ್ರಿ."

ಅಕ್ಕಾರು ಬಾಟಲಿಯನ್ನು ಬೆಳಕಿಗೆ ಹಿಡಿದರು. ಮೀನಿನ ಮೈಮೇಲೆ ಹುರುಪೆ ಇರಲಿಲ್ಲ. ಮೂಳೆಯ ಬಿಲ್ಲೆಗಳು ಒಂದರ ಮೇಲೊಂದು ಕೂತು ತಲೆಯಿಂದ ಬಾಲದ ತನಕ ಕವಚವಾಗಿದ್ದವು. ಬಾಯಿ ಮುಖದ ಮುಂದಿಲ್ಲ, ಕೆಳಗಿದೆ. ಸಮುದ್ರದಾಚೆಯ ಬೇರೆ ಖಂಡದಲ್ಲಿ, ಬೆಟ್ಟದಿಂದ ಧುಮುಕುವ ಹಳ್ಳಗಳಲ್ಲಿ ಇರುವ ಜಾತಿ, ಆ ಸೆಳೆತದಲ್ಲಿ ಕಲ್ಲಿಗೆ ಬಾಯಿ ಕಚ್ಚಿ ನಿಲ್ಲುವುದೇ ಅದರ ಬಾಳುವೆ ಎಂದು ಆಮೇಲೆ ಬಸ್ಸಿನಲ್ಲಿ ಹೇಳಿದರು. ಅಂಗಡಿಯಲ್ಲಿ ಹೇಳಿದ್ದು ಒಂದೇ ಮಾತು: "ಇದಕ್ಕ ನಿಂತ ನೀರಿನ್ಯಾಗ ಉಸಿರು ಕಟ್ಟೈತಪ್ಪಾ."

ಮಾರನೆಯ ವಾರ ತಮ್ಮ ಮನೆಯ ಕೂಲರಿನ ಪಂಪು ಕಿತ್ತು ತಂದರು. ಆ ಬೇಸಿಗೆ ಪೂರ್ತಿ ಅವರ ಮನೆಯಲ್ಲಿ ಕೂಲರ್ ಬರೀ ಬಿಸಿಗಾಳಿ ಬೀಸಿತು. ಕರೆಂಟು ಹೋದರೆ ಪಂಪು ನಿಲ್ಲಬಾರದೆಂದು ಕಂಪ್ಯೂಟರ್ ಲ್ಯಾಬಿನಲ್ಲಿ ಬಿಸಾಡಿದ್ದ ಯುಪಿಎಸ್ ತಂದು ರಿಪೇರಿ ಮಾಡಿಸಿದರು. ಮಧ್ಯಾಹ್ನದ ಡಬ್ಬಿ ಬಿಚ್ಚಿದಾಗ ರೊಟ್ಟಿಯ ಜೊತೆಗಿನ ಸೌತೆಕಾಯಿಯಲ್ಲಿ ಮೊದಲ ಹೋಳು ಮೀನಿಗೆ. ಅದು ತೇಲದಂತೆ ಮೇಲೊಂದು ಕಲ್ಲು ಹೇರಿ ಇಡುತ್ತಿದ್ದರು.

"ಕೊರಳಾಗ ಲಿಂಗ, ಎದುರಿಗೆ ಮೀನಾ! ಭಲೇ ಐತ್ರಿ ನಿಮ್ಮ ಪೂಜಿ," ಎಂದು ಫಿಸಿಕ್ಸ್ ಸರ್ ಕಾಡುತ್ತಿದ್ದರು.

"ನಾ ತಿನ್ನಾಕ ಸಾಕಿಲ್ರಿ ಸರ್. ನೀವು ನಿಮ್ಮ ಮನ್ಯಾಗ ಕೋಳಿ ಸಾಕೀರಿ, ಅದನ್ನ ಯಾವಾಗರ ಕೇಳೀನೇನು?"

ಇನ್ನು ನನ್ನ ಕಥೆ. ಕನ್ನಡ ಮೇಷ್ಟರಿಗೆ ಕಣ್ಣಿಗೆ ಬಿದ್ದದ್ದೆಲ್ಲ ಪಾಠವಾಗಬೇಕು. ಸೆಳೆತಕ್ಕೆ ಎದೆ ಕೊಟ್ಟು ನಿಂತ ಪುಟ್ಟ ಜೀವ, ಹಿಡಿದ ಹಟ, ಬಾಳಿಗೆ ಮಾದರಿ ಎಂದೆಲ್ಲ ಸೇರಿಸಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಪ್ರಬಂಧ ಬರೆದು ಅವರಿಗೆ ಓದಿ ತೋರಿಸಿದೆ. ಕನ್ನಡಕ ಏರಲಿಲ್ಲ, ಅಷ್ಟರಮಟ್ಟಿಗೆ ಬಚಾವು. ಕೇಳಿ ಮುಗಿಸಿ ಅಂದರು: "ಚಲೋ ಬರದೀ ತಂಗಿ. ಖರೇ, ಅದು ಹಟಾ ಏನ್ ಮಾಡಿಲ್ಲ. ಅದರ ಬಾಯಿ ಇರೋದ ಹಂಗ."

"ಹಂಗಾರ ಇದನ್ನ ನೋಡಿ ನಾವು ಕಲಿಯೋದು ಏನೂ ಇಲ್ಲೇನ್ರಿ ಅಕ್ಕಾರ?"

"ಏನೂ ಇಲ್ಲ. ಅದು ಮೀನು."

ಪ್ರಬಂಧ ಅಚ್ಚಾಗಲಿಲ್ಲ. ನಾನೇ ಹರಿದು ಹಾಕಿದೆ.

ಅವರ ತವರು ಸಿರುಗುಪ್ಪ. ಅಣ್ಣ ಅಲ್ಲಿ ಗದ್ದೆ ಮಾಡಿಸಿಕೊಂಡು ಭತ್ತದ ವ್ಯಾಪಾರ ಮಾಡುವವರು. ಅಪ್ಪ ಬೇಗ ಹೋದ್ದರಿಂದ ತಂಗಿಯನ್ನು ಓದಿಸಿದ್ದು ಅವರೇ. ಒಮ್ಮೆ ಅವರ ಮನೆಯ ಸೀಮಂತಕ್ಕೆ ನಾನೂ ಹೋಗಿದ್ದೆ. ಎಲೆಯ ಮುಂದೆ ಕೂರಿಸಿ ಹೋಳಿಗೆಗೆ ತುಪ್ಪ ಸುರಿಯುತ್ತ ಅಣ್ಣ ನನಗೆ ಹೇಳಿದರು: "ನೋಡ್ರಿ ಮೇಡಂ, ಮದುವಿ ಮಾಡ್ಕೊಳವಾ ಅಂತ ಬಡಕೊಂಡೆ. ಆಕಿ ಮೀನು ತಂದು ಸಾಕಿದ್ಲು." ಎಲ್ಲರೂ ನಕ್ಕರು. ಅಕ್ಕಾರೂ ನಕ್ಕರು. ಹೇಳಿದ್ದು ತಮಾಷೆಯೆಂದೇ. ಆದರೆ ಆ ಮೀನು ಎಂಥದು, ಏನು ತಿನ್ನುತ್ತದೆ ಎಂದು ಆ ಮನೆಯಲ್ಲಿ ಯಾರೂ ಕೇಳಿದ್ದನ್ನು ನಾನು ಕಾಣಲಿಲ್ಲ.

ಊಟವಾದ ಮೇಲೆ ಇಬ್ಬರೂ ತುಂಗಭದ್ರೆಯ ದಂಡೆಗೆ ನಡೆದೆವು. ಒಬ್ಬ ಮೀನುಗಾರ ಮರಳಿನ ಮೇಲೆ ಬಲೆ ಹರಡಿಕೊಂಡು ಬೈಯುತ್ತ ಕೂತಿದ್ದ. ಬಲೆಯಲ್ಲಿ ಮೊಳದುದ್ದದ ಕಪ್ಪು ಮೀನುಗಳು ಸಿಕ್ಕಿಕೊಂಡಿದ್ದವು. ಮೈತುಂಬ ಮುಳ್ಳಿನ ಕವಚ. ನಮ್ಮ ಸ್ಟಾಫ್ ರೂಮಿನ ಮೀನಿನ ದೊಡ್ಡ ನೆಂಟರು ಎಂದು ನನಗೂ ಗೊತ್ತಾಯಿತು.

"ಇವು ಯಾವ ದರಿದ್ರದವೋ ಅಮ್ಮಾ," ಅಂದ ಅವನು. "ತಿನ್ನಾಕ ಬರಂಗಿಲ್ಲ, ಮಾರಾಕ ಬರಂಗಿಲ್ಲ. ಬಲಿ ಹರೀತಾವ. ಮೊದ್ಲು ಇರ್ಲಿಲ್ಲ. ಈಗ ಬಲಿ ಎತ್ತಿದ್ರ ಅರ್ಧ ಇವ. ದಂಡ್ಯಾಗ ಒಗದ್ರೂ ಸಾಯಂಗಿಲ್ಲ, ಸಂಜಿ ತನಕ ಬಾಯಿ ತೆಕ್ಕೊಂಡು ಬಿದ್ದಿರ್ತಾವ."

ಬೇರೆ ಖಂಡದ ಈ ಮೀನು ನಮ್ಮ ನದಿಗೆ ಹೇಗೆ ಬಂತು ಎಂದು ನಾನು ಕೇಳಿದೆ. ಅಕ್ಕಾರು ಬಲೆಯನ್ನೇ ನೋಡುತ್ತಿದ್ದರು. "ಕನಿಕರದಿಂದ ಬಂತು ತಂಗಿ. ಮನ್ಯಾಗ ಸಾಕತಾರ, ಬ್ಯಾಸರ ಆಗತೈತಿ. ಕೊಲ್ಲಾಕ ಮನಸು ಬರಂಗಿಲ್ಲ. ಪಾಪ ಅಂತ ತಂದು ಹೊಳಿಗೆ ಬಿಡ್ತಾರ."

ಅದಾದ ಸ್ವಲ್ಪ ದಿನಕ್ಕೆ ಫಿಸಿಕ್ಸ್ ಸರ್‌ಗೆ ವರ್ಗವಾಯಿತು. ಕೋಳಿ ಮಾತ್ರವಲ್ಲ, ಅವರ ಮನೆಯಲ್ಲಿ ದೊಡ್ಡ ಜಾತಿಯ ಕ್ಲೀನರ್ ಮೀನೂ ಒಂದಿತ್ತು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಅದನ್ನು ಬಕೀಟಿನಲ್ಲಿ ಹಾಕಿಕೊಂಡು ಕಾಲೇಜಿಗೆ ಬಂದರು. ಸಂಜೆ ಹೋಗುವಾಗ ಕಾಲುವೆಗೆ ಬಿಟ್ಟು ಹೋಗುತ್ತೇನೆ, ಹೋಗುವ ಹೊತ್ತಿನಲ್ಲಿ ಒಂದು ಜೀವ ಉಳಿಸಿದ ಪುಣ್ಯ ಬರಲಿ ಎಂದರು.

ಕನ್ನಡಕ ತಲೆಗೇರಿತು.

"ಯಾರಿಗೆ ಪುಣ್ಯ?"

ಆ ಮಾತನ್ನು ಅವರು ಹೇಳುವ ರೀತಿ ಬರೆದು ತೋರಿಸಲಾರೆ. ಮೊದಲ ಪದವನ್ನು ಎಳೆದು, ಎರಡನೆಯದನ್ನು ಥಟ್ಟನೆ ಇಳಿಸಿಬಿಡುತ್ತಿದ್ದರು. ಸಿಟ್ಟಿನ ದನಿಯಲ್ಲ. ತರಕಾರಿಯವಳ ತಕ್ಕಡಿ ನೋಡುತ್ತ ಕೇಳುವ ದನಿ.

"ಒಂದ ಮೀನ್ರಿ ಮೇಡಂ. ಒಂದ ಮೀನು ಏನ್ ಮಾಡೀತು?"

"ಎಲ್ಲಾರೂ ಒಂದ ಬಿಡ್ತಾರ ಸರ್."

"ಅಲ್ಲಿ ಸತ್ತರೂ ಸಾಯಬೌದು, ಯಾಕ ಚಿಂತಿ ಮಾಡ್ತೀರಿ?"

"ಸತ್ತರ ಚಿಂತಿ ಇಲ್ಲ. ಬದುಕಿದ್ರ ಚಿಂತಿ."

ಬಕೀಟು ಕೈಯಿಂದ ಇಸಿದುಕೊಂಡು ಲ್ಯಾಬಿಗೆ ನಡೆದರು. ನಾನು ಹಿಂದೆ ಹೋದೆ. ಅಷ್ಟು ದೊಡ್ಡ ಮೀನಿಗೆ ನಮ್ಮಲ್ಲಿ ತೊಟ್ಟಿ ಇರಲಿಲ್ಲ, ಅಂಗಡಿಯವನಿಗೆ ಫೋನ್ ಮಾಡಿದರೆ ಬೇಡವೆಂದ. ಅಕ್ಕಾರು ಕಪಾಟಿನಿಂದ ಲವಂಗದ ಎಣ್ಣೆಯ ಶೀಷೆ ತೆಗೆದರು. ಹಲ್ಲುನೋವಿಗೆ ಹಚ್ಚುವ ಎಣ್ಣೆಯೇ. ನೀರಿಗೆ ಬೆರೆಸಿದರೆ ಮೀನು ನೋವಿಲ್ಲದೆ ನಿದ್ದೆ ಹೋಗುತ್ತದೆ, ಇನ್ನೂ ಬೆರೆಸಿದರೆ ಏಳುವುದಿಲ್ಲ. ಆ ಮೀನು ಪೂರ್ತಿ ಸುಮ್ಮನಾಗುವ ತನಕ ಬಕೀಟಿನ ಪಕ್ಕ ಸ್ಟೂಲಿನ ಮೇಲೆ ಕೂತೇ ಇದ್ದರು. ಆ ದಿನ ಡಬ್ಬಿ ಬಿಚ್ಚಲಿಲ್ಲ. ಅಲ್ಲಿಂದ ಮುಂದೆ ಯಾರ ಮನೆಯ ಪಲಾವಿನಲ್ಲಾಗಲಿ ಲವಂಗ ಕಂಡರೆ ಆರಿಸಿ ಎಲೆಯ ಬದಿಗಿಡುತ್ತಿದ್ದರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಂದರು: "ನಾ ಇಲ್ಲದಾಗ ನಮ್ಮ ಗಿರಾಕಿನ ಸಾಕೋರು ಸಿಗಲಿಲ್ಲಂದ್ರ, ಆ ಶೀಷೆ ಎಲ್ಲೈತಿ ಅಂತ ನೋಡಿಯಲ್ಲಾ? ಹೊಳಿಗೆ ಮಾತ್ರ ಬಿಡಬ್ಯಾಡ. ನೀರೂ ಚೆಲ್ಲಬ್ಯಾಡ ಹೊಳಿಗೆ. ಅದರಾಗೂ ಏನರ ಇರತೈತಿ." ತೊಟ್ಟಿಯ ಹಳೆಯ ನೀರನ್ನು ಅವರು ಮೋರಿಗೂ ಚೆಲ್ಲುತ್ತಿರಲಿಲ್ಲ. ಲ್ಯಾಬಿನ ಹಿಂದಿನ ಬಿಲ್ವದ ಗಿಡದ ಬುಡಕ್ಕೆ ಹಾಕುತ್ತಿದ್ದರು. ಅದು ಕಲ್ಲುನೆಲದಲ್ಲೂ ಆಳೆತ್ತರ ಬೆಳೆದಿದೆ.

ಹೋದ ಬೇಸಿಗೆ, ಪರೀಕ್ಷೆಗಳೆಲ್ಲ ಮುಗಿದ ಹೊತ್ತಿನಲ್ಲಿ, ಬಳ್ಳಾರಿಯ ಮನೆಯಲ್ಲಿ ಅವರು ಕುಸಿದು ಬಿದ್ದರು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಆಸ್ಪತ್ರೆಯಲ್ಲಿ ಎಚ್ಚರವಾಗಲಿಲ್ಲ. ಅಣ್ಣ ಐಸಿಯು ಬಾಗಿಲ ಬಳಿ ಚಪ್ಪಲಿ ಬಿಟ್ಟು, ಗುಡಿಯಲ್ಲಿ ನಿಂತ ಹಾಗೆ ನಿಂತಿದ್ದರು. ಸುದ್ದಿ ಹೇಳಿದಾಗ ಚಪ್ಪಲಿ ಮರೆತು ಬರಿಗಾಲಲ್ಲೇ ಮೆಟ್ಟಿಲಿಳಿದರು. ನಾನು ಆ ಚಪ್ಪಲಿ ಹಿಡಿದುಕೊಂಡು ಹಿಂದೆ ಹೋದೆ.

ಸಿರುಗುಪ್ಪದ ಹತ್ತಿರ ಅವರ ಹೊಲದಲ್ಲೇ ಮಣ್ಣು. ಕುಳ್ಳಿರಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟಿದ್ದರು. ಕನ್ನಡಕ ಇರಲಿಲ್ಲ. ಹೆಂಗಸರು ಅಳುತ್ತಿದ್ದರು, ನನ್ನ ಕೈ ಹಿಡಿದು ಅಳುತ್ತಿದ್ದರು, ನಾನು ನಿಂತಿದ್ದೆ. ತಲೆಯಲ್ಲಿ ಒಂದೇ ವಿಷಯ ಓಡುತ್ತಿತ್ತು: ರಜೆ, ಕಾಲೇಜಿಗೆ ಬೀಗ, ಪಂಪು ನಡೆಯುತ್ತಿದೆಯೋ ಇಲ್ಲವೋ. ಅಟೆಂಡರಿಗೆ ಫೋನ್ ಮಾಡಬೇಕು, ಮಣ್ಣು ಹಾಕುವುದು ಮುಗಿಯಲಿ, ಆಮೇಲೆ ಮಾಡಬೇಕು. ದುಃಖದ ಜಾಗದಲ್ಲಿ ನನಗೆ ಇದ್ದದ್ದು ಅದಷ್ಟೇ.

ಪಂಪು ನಡೆಯುತ್ತಿತ್ತು. ತೊಟ್ಟಿಯನ್ನು ಬಳ್ಳಾರಿಗೆ, ನಮ್ಮ ಮನೆಯ ಹಾಲಿಗೆ ತಂದೆ. ಸೌತೆಕಾಯಿ ಹಾಕಿದೆ, ಬಾಟಲಿ ತೇಲಿಬಿಟ್ಟೆ. ಪ್ರೀತಿಯಿಂದ ಅಲ್ಲ. ಗ್ಯಾಸ್ ಆಫ್ ಮಾಡಿದೆನಾ ಎಂದು ಎದ್ದು ಹೋಗಿ ನೋಡುತ್ತೇವಲ್ಲ, ಹಾಗೆ ನೋಡುತ್ತಿದ್ದೆ. ಮೀನು ಕಲ್ಲು ಹಿಡಿದುಕೊಂಡಿರುತ್ತಿತ್ತು. ನಾನು ಹೋಗಿ ಅಡುಗೆ ಮಾಡುತ್ತಿದ್ದೆ.

ಅಕ್ಕಾರ ಉತ್ತರಕ್ರಿಯೆ, ಶಿವಗಣಾರಾಧನೆಯ ಬೆಳಿಗ್ಗೆ ಅಣ್ಣ ಕಾರಿನಲ್ಲಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಹೊಸ ತಾಮ್ರದ ಕೊಡ. ಕೊರಳಿಗೆ ಮಲ್ಲಿಗೆ ಸುತ್ತಿ ಮೈಗೆ ವಿಭೂತಿ ಎಳೆದಿತ್ತು. ಗಡ್ಡ ಬೆಳೆದಿತ್ತು, ನಿದ್ದೆ ಇರಲಿಲ್ಲ. ತೊಟ್ಟಿಯ ಮುಂದೆ ನಿಂತು ಮೀನು ಎಲ್ಲಿ ಎಂದು ಹುಡುಕಿದರು. ನಾನು ತೋರಿಸಿದೆ.

"ಇಷ್ಟ ಐತೇನ್ರಿ?" ಅಂದರು. ಆಮೇಲೆ, "ಮಠದ ಅಯ್ಯಾರು ಹೇಳ್ಯಾರ ಮೇಡಂ. ಆಕಿ ಸಾಕಿದ ಜೀವ ಐತಿ. ಹೊಳಿಗೆ ಬಿಟ್ಟು ಇದಕ್ಕ ಬಿಡುಗಡಿ ಕೊಟ್ರ ಆಕಿಗೂ ಬಿಡುಗಡಿ ಅಂತ. ಮಂದಿ ಎಲ್ಲಾ ದಂಡಿಗೆ ಬಂದು ಕಾಯಾಕತ್ತಾರ."

"ಅಣ್ಣಾರ, ಅಕ್ಕಾರು ಇದನ್ನ ಹೊಳಿಗೆ..."

"ಓದಸಿದೆ. ಅದ ಬಿಟ್ರ ಆಕಿಗಂತ ನಾ ಏನೂ ಮಾಡಿಲ್ಲ," ಅಂದರು. ನನ್ನ ಮಾತು ಅವರಿಗೆ ಕೇಳಿಸಿಯೇ ಇರಲಿಲ್ಲ. "ಆಕೀ ಏನೂ ಕೇಳಲಿಲ್ಲ. ಇದೊಂದರ ಮಾಡ್ತೀನಿ ಮೇಡಂ. ಇಲ್ಲ ಅನ್ನಬ್ಯಾಡ್ರಿ."

ಮೀನನ್ನು ಕೊಡಕ್ಕೆ ಇಳಿಸಿದೆ. ದಾರಿಯಲ್ಲಿ ಉಸಿರು ಕಟ್ಟದಿರಲೆಂದು ಬ್ಯಾಟರಿಯ ಗುಳ್ಳೆ ಯಂತ್ರ ಹಾಕಿ, ಅದನ್ನು ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ ಎಂದು ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ನಾನೂ ಕಾರು ಹತ್ತಿದೆ. ಸಿರಿಗೇರಿ ಕ್ರಾಸ್ ಹೋಯಿತು, ತೆಕ್ಕಲಕೋಟೆ ಹೋಯಿತು. ರಸ್ತೆಯ ಮೇಲೆ ಭತ್ತ ಒಣಹಾಕಿದ್ದರು. ಕೊಡದ ತಣ್ಣನೆಯ ಬೆವರು ಇಳಿದು ನನ್ನ ಸೀರೆ ನೆನೆಯಿತು. ಕುರುಗೋಡಿನ ಬಸ್ಸು ನೆನಪಾಯಿತು. ನೆನಪಾದರೂ ಏನೂ ಆಗಲಿಲ್ಲ. ಇಂದು ಸಂಜೆಯೊಳಗೆ ಈ ಮೀನು ನದಿಯಲ್ಲಿರುತ್ತದೆ, ಅವರು ಬದುಕಿನಲ್ಲಿ ಬೇಡವೆಂದು ಕೇಳಿದ ಒಂದೇ ಕೆಲಸ ಅವರ ಹೆಸರಿನಲ್ಲೇ ಆಗುತ್ತದೆ ಎಂದು ಮಾತ್ರ ಸ್ಪಷ್ಟವಾಗಿ ಗೊತ್ತಿತ್ತು.

ದಂಡೆಯಲ್ಲಿ ಬಳಗವೆಲ್ಲ ಸೇರಿತ್ತು. ಅಯ್ಯನವರು ಆರತಿ ತಟ್ಟೆ ಸಿದ್ಧ ಮಾಡಿಕೊಂಡಿದ್ದರು. ಬೇಸಿಗೆಯ ನದಿ ಸೊರಗಿ, ಉಳಿದ ನೀರು ಬಂಡೆಗಳ ಸಂದಿಯಲ್ಲಿ ತಿಳಿಯಾಗಿ, ಸದ್ದು ಮಾಡುತ್ತ ಓಡುತ್ತಿತ್ತು. ಅಕ್ಕಾರು ಕೂಲರ್ ಪಂಪಿನಿಂದ ಇಷ್ಟು ವರ್ಷ ಮಾಡಲು ನೋಡಿದ್ದು ಇದನ್ನೇ. ಇಲ್ಲಿ ಬಿಟ್ಟರೆ ಮೀನು ಬದುಕಿಬಿಡುತ್ತದೆ ಎನಿಸಿತು.

ಅಣ್ಣ ನೀರಿಗಿಳಿದು ಕೊಡ ಬಾಗಿಸಿದರು. ನಾನು ಸೀರೆ ನೆನೆಯುವುದನ್ನೂ ನೋಡದೆ ಇಳಿದು ಕೊಡದ ಕಂಠ ಹಿಡಿದೆ.

"ಬ್ಯಾಡ್ರಿ ಅಣ್ಣಾರ."

ಹೇಳಿದೆ. ಬಲೆ, ಬಕೀಟು, ಲವಂಗದ ಎಣ್ಣೆ, ಬಸ್ಸಿನಲ್ಲಿ ಆಡಿದ ಮಾತು, ಎಲ್ಲ. ಏರಿಳಿತವಿಲ್ಲದೆ, ಹಾಜರಿ ಕೂಗುವ ಹಾಗೆ ಹೇಳಿದೆ. ಹಿಂದೆ ಯಾರೋ, "ಒಂದ ಮೀನಿಗೆ ಏನ್ ಈ ಮೇಡಂದು!" ಅಂದರು.

ಅಣ್ಣ ಕೊಡದೊಳಗೆ ನೋಡಿದರು. "ನಿಮಗ ಇಷ್ಟೆಲ್ಲಾ ಹೇಳಿದಾಳ. ನನಗ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ, ಅದಕ್ಕ ಇರಬೇಕು," ಅಂದೆ.

ಬೇರೆ ದಿನವಾಗಿದ್ದರೆ ಅಂಥ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ. ಅಂದು ನನಗೆ ನಾಟುವುದೂ ಗೊತ್ತಾಗುತ್ತಿರಲಿಲ್ಲ, ಚುಚ್ಚುವುದೂ ಗೊತ್ತಾಗುತ್ತಿರಲಿಲ್ಲ. ಅವರು ಕೊಡವನ್ನು ಎದೆಗೆ ಆನಿಸಿಕೊಂಡು ಬಂಡೆಯ ಮೇಲೆ ಕೂತುಬಿಟ್ಟರು. ಕೊನೆಗೆ ಅಯ್ಯನವರೇ ಕೇಳಿದರು: "ಹಂಗಾರ ಮಂಗಳಾರತಿ ಈಗ ಯಾವುದಕ್ಕ ಮಾಡೂಣು?"

"ಮೀನು ಬ್ಯಾಡ. ಕೊಡದಾಗಿನ ನೀರು ಬಿಡೂಣು, ಅದಕ್ಕ ಮಾಡ್ರಿ," ಅಂದರು ಅಣ್ಣ.

"ನೀರೂ ಬಿಡಬಾರದ್ರಿ," ಅಂದೆ.

ಬಳಗದಲ್ಲಿ ಗುಸುಗುಸು ಎದ್ದಿತು. ಅಣ್ಣ ಮಾತ್ರ ನನ್ನ ಮುಖ ನೋಡಿ, "ಮತ್ತ ಆಕಿ ಎಲ್ಲಿ ಚೆಲ್ಲತಿದ್ಲು?" ಎಂದು ಕೇಳಿದರು. ಅವರ ತಂಗಿಯ ಬಗ್ಗೆ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಬಿಲ್ವದ ಗಿಡದ ಸಂಗತಿ ಹೇಳಿದೆ. ಎದ್ದರು. ಕೊಡ ಹೆಗಲಿಗಿಟ್ಟುಕೊಂಡು, ಕಾರು ಬಿಟ್ಟು, ಹೊಲದ ದಾರಿ ಹಿಡಿದರು. ಎಲ್ಲರೂ ಹಿಂದೆ ನಡೆದೆವು. ಸಮಾಧಿಯ ಹತ್ತಿರ ಮೀನನ್ನು ಅರ್ಧ ನೀರಿನ ಸಮೇತ ಒಂದು ಪಾತ್ರೆಗೆ ಹಾಕಿಸಿ, ಉಳಿದ ನೀರನ್ನು ಆ ಹೊಸ ಮಣ್ಣಿನ ಮೇಲೆ ತಾವೇ ಸುರಿದರು. ಎರೆ ನೆಲ, ಬೇಸಿಗೆ. ಸುರಿದ ನೀರು ಒಂದು ಕ್ಷಣವೂ ನಿಲ್ಲಲಿಲ್ಲ. ಆರತಿ ಅಲ್ಲೇ ಆಯಿತು.

"ಇನ್ನ ಇದನ್ನ ಏನ್ ಮಾಡಬೇಕು? ಆ ಎಣ್ಣೀ..." ಎಂದು ಅಷ್ಟಕ್ಕೇ ನಿಲ್ಲಿಸಿದರು.

"ಸಾಕೋರು ಇಲ್ಲಂದ್ರ ಮಾತ್ರ ಅಣ್ಣಾರ. ಓಡೋ ನೀರು ಬೇಕು. ಅಕ್ಕಾರ ಪಂಪು ಈಗ ಕೆಡಾಕ ಬಂದೈತಿ, ಬ್ಯಾರೆ ಕೂಲರಿನ ಪಂಪು ಹಾಕಿದ್ರೂ ಆಗತೈತಿ."

"ಕೂಲರ್ ಐತಿ ಮನ್ಯಾಗ," ಅಂದರು ಅಣ್ಣ.

ತೊಟ್ಟಿ ಸಿರುಗುಪ್ಪಕ್ಕೆ ಹೋಯಿತು. ನನ್ನ ಹಾಲಿನಲ್ಲಿ ಸದ್ದು ನಿಂತಿತು. ಹೊಸ ಜೀವಶಾಸ್ತ್ರದ ಮೇಡಂ ಬಂದರು, ಕಾಲೇಜಿನ ಬೆಂಚಿನ ಮೇಲೆ ಮತ್ತೆ ಉತ್ತರಪತ್ರಿಕೆಗಳ ಕಟ್ಟು ಬಂತು. ಬಸ್ಸಿನಲ್ಲಿ ಕಿಟಕಿಯ ಸೀಟು ಖಾಲಿಯಿದ್ದರೂ ನಾನು ಪಕ್ಕದ ಸೀಟಿನಲ್ಲೇ ಕೂರುತ್ತೇನೆ. ಆಗಾಗ ಅಣ್ಣ ಫೋನ್ ಮಾಡುತ್ತಿದ್ದರು. ಸೌತೆಕಾಯಿ ಸಿಪ್ಪೆ ತೆಗೆಯಬೇಕೋ ಬೇಡವೋ, ಪಾಚಿ ತಿಕ್ಕಬೇಕೋ ಬಿಡಬೇಕೋ. ಮಾತಿಗೆ ಮಾತು ಹೇಳಿ ಫೋನ್ ಇಡುತ್ತಿದ್ದೆ. ಒಮ್ಮೆಯೂ ಕಣ್ಣು ಒದ್ದೆಯಾಗಲಿಲ್ಲ. ಇನ್ನು ಹೀಗೇ ಎಂದುಕೊಂಡಿದ್ದೆ.

ಈ ಬೇಸಿಗೆ, ವರ್ಷದ ಪೂಜೆಗೆ ಕರೆದರು. ಹೋದೆ. "ಬಾ ತಂಗಿ," ಅಂದರು ಅಣ್ಣ. ಮೇಡಂ ಎನ್ನುವುದು ಯಾವಾಗಲೋ ಬಿಟ್ಟುಹೋಗಿತ್ತು. ಪಡಸಾಲೆಯಲ್ಲಿ ಕುದಿ. ಮೂಲೆಯಲ್ಲಿ ಹೊಟ್ಟೆ ಬಗೆದ ಕೂಲರ್ ನಿಂತಿತ್ತು, ಮನೆಯವರು ಬೀಸಣಿಗೆ ಹಿಡಿದು ಕೂತಿದ್ದರು. ಗೋಡೆಯ ಬದಿಗೆ ಆ ತೊಟ್ಟಿ, ಅದರ ನೀರಿನಲ್ಲಿ ಐಸ್ ಬಾಟಲಿ, ಕಲ್ಲಿನ ಮೇಲೆ ಮೀನು. ಸ್ವಲ್ಪ ದಪ್ಪವಾಗಿತ್ತು.

ಊಟ ಮುಗಿಸಿ ಬಂದ ನೆರೆಯ ಹಿರಿಯರೊಬ್ಬರು ಬೀಸಣಿಗೆ ಬಡಿಯುತ್ತ ತೊಟ್ಟಿಯ ಮುಂದೆ ನಿಂತರು. "ಎಷ್ಟು ದಿನ ಅಂತ ಸಾಕತೀಯೋ ಇದನ್ನ? ಮಂದಿ ಸೆಕಿಗೆ ಸಾಯಾಕತ್ತಾರ. ಕಾಲವಿಗೆ ಬಿಟ್ಟು ಬಾ, ಪುಣ್ಯ ಬರತೈತಿ."

ಅಣ್ಣ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರೂ ಈಚೆಗೆ ಕನ್ನಡಕ ಹಾಕುತ್ತಾರೆ. ಸುಣ್ಣದ ಬೆರಳು ತಾಕದ ಹಾಗೆ ಮಣಿಕಟ್ಟಿನಿಂದ ಅದನ್ನು ಮೆಲ್ಲಗೆ ಮೇಲೆ ತಳ್ಳಿದರು. ಅದು ಹಣೆ ದಾಟಿ ತಲೆಯ ಮೇಲೆ ಕೂತಿತು.

"ಯಾರಿಗೆ ಪುಣ್ಯ?"

ಮೊದಲ ಪದ ಎಳೆದು, ಎರಡನೆಯದು ಥಟ್ಟನೆ ಇಳಿಯಿತು. ಆ ಮಾತನ್ನು ನಾನು ಅವರಿಗೆ ಎಂದೂ ಹೇಳಿರಲಿಲ್ಲ. ದಂಡೆಯಲ್ಲಿ ಎಲ್ಲ ಹೇಳಿದ್ದೆ, ಅದೊಂದನ್ನು ಬಿಟ್ಟಿದ್ದೆ. ಒಂದೇ ಮನೆಯಲ್ಲಿ ಬೆಳೆದವರು, ಎಲ್ಲಿಂದ ಬಂತೋ ಆ ದನಿ ಇಬ್ಬರಿಗೂ.

ನಾನು ಎಲೆ ಅಡಿಕೆಯ ತಟ್ಟೆ ಕೆಳಗಿಟ್ಟು ಹಿತ್ತಿಲಿಗೆ ಹೋದೆ. ಅಣ್ಣನ ಹೆಂಡತಿ ಓಡಿ ಬಂದು, "ಯಾಕವಾ, ಏನಾತು?" ಎಂದು ಬೆನ್ನ ಮೇಲೆ ಕೈಯಿಟ್ಟರು. ಅಳು ನಿಂತು ಉತ್ತರ ಹೇಳಲು ಬಹಳ ಹೊತ್ತು ಬೇಕಾಯಿತು.